ಹೆದ್ದಾರಿಯಿಂದ ಅಂಗಳದವರೆಗಿನ ಅರ್ಧ ಕಿಲೋಮೀಟರ್: ತುರ್ತು ಸೇವೆಗೆ ಬಡಾವಣೆ ತಯಾರಾಗುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಕೊಟ್ಟಾರ ಚೌಕಿ ಆಸುಪಾಸಿನ ನಮ್ಮ ಬಡಾವಣೆಯಲ್ಲಿ ಸುಮಾರು 60 ಮನೆಗಳು, ಒಂದು ಸಣ್ಣ ಅಪಾರ್ಟ್‌ಮೆಂಟ್ ಇವೆ. ಪಕ್ಕದಲ್ಲೇ ತೋಡು (ಮಳೆನೀರು ಹರಿಯುವ ಹಳ್ಳ). ಜೋರು ಮಳೆ ಬಂದರೆ ಕೆಳಗಿನ ಸಾಲಿನ ಮನೆಗಳ ಅಂಗಳಕ್ಕೆ ನೀರು ನುಗ್ಗುತ್ತದೆ. ಕಳೆದ ವರ್ಷ ಒಬ್ಬರಿಗೆ ರಾತ್ರಿ ಎದೆನೋವು ಬಂದಾಗ ಕರೆಸಿದ ಆಂಬುಲೆನ್ಸ್ ಮುಖ್ಯರಸ್ತೆಯ ತನಕ ಬಂದು, ಓಣಿ ಸಿಗದೆ ಸುತ್ತಾಡಿತು. ನಮ್ಮ ಯುವಕ ಮಂಡಲದ ಹುಡುಗರು ಸಹಾಯಕ್ಕೆ ತಯಾರಿದ್ದಾರೆ. ಆದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಗೊತ್ತಿಲ್ಲ. ಮಳೆಗಾಲಕ್ಕೆ ಮೊದಲು ನಾವು ಏನೇನು ಮಾಡಿಟ್ಟುಕೊಳ್ಳಬೇಕು?

ಉತ್ತರ: ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ಆಂಬುಲೆನ್ಸ್ ಮುಖ್ಯರಸ್ತೆಯ ತನಕ ಬಂದಿತ್ತು. ಹೆದ್ದಾರಿಯವರೆಗೆ ಬರುವುದು ಚಾಲಕರ ಕೆಲಸ, ಅಲ್ಲಿಂದ ನಿಮ್ಮ ಅಂಗಳದವರೆಗಿನ ಅರ್ಧ ಕಿಲೋಮೀಟರ್ ನಿಮ್ಮ ಕೆಲಸ. ಹಗ್ಗ, ಲೈಫ್ ಜಾಕೆಟ್ ಅಂತ ಚಂದಾ ಎತ್ತುವ ಮೊದಲು ಆ ಅರ್ಧ ಕಿಲೋಮೀಟರನ್ನು ಸರಿ ಮಾಡಿಕೊಳ್ಳಿ. ಖರ್ಚು ತೀರಾ ಕಡಿಮೆ, ಪ್ರಯೋಜನ ಮಾತ್ರ ಎಲ್ಲಕ್ಕಿಂತ ಹೆಚ್ಚು.

ಮೊದಲು ದಿನಾಂಕದ ಮಾತು. ಮಳೆಗಾಲ ಜೂನ್‌ನಲ್ಲಿ ತಾನೇ ಎಂದು ಜೂನ್ ಮೊದಲ ವಾರ ಸಭೆ ಕರೆದರೆ ತಡವಾಯಿತು. ಮಂಗಳೂರು ನಗರದ ರಸ್ತೆಗಳು ನೀರಲ್ಲಿ ಮುಳುಗಿದ್ದು 2018ರ ಮೇ 29ರಂದು. ಮಂಜನಾಡಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದು 2025ರ ಮೇ 30ರಂದು. ಇನ್ನು ಮಳೆ ತಗ್ಗಿತು ಅನ್ನುವ ಹೊತ್ತಿಗೆ, 2020ರ ಸೆಪ್ಟೆಂಬರ್ 20ರಂದು, ಉಡುಪಿಯಲ್ಲಿ ಸ್ವರ್ಣಾ ನದಿ ಉಕ್ಕಿತು. ಹಾಗಾಗಿ ಇಲ್ಲಿ ಹೇಳಿದ್ದೆಲ್ಲ ಮೇ 15ರೊಳಗೆ ಮುಗಿಯಲಿ, ನವರಾತ್ರಿ ಕಳೆಯುವವರೆಗೆ ಸಡಿಲಬಿಡಬೇಡಿ.

ಈಗ ಫೋನ್ ಕರೆ. 108ಕ್ಕಾಗಲಿ 112ಕ್ಕಾಗಲಿ ಕರೆ ಮಾಡಿದಾಗ ಎತ್ತಿಕೊಳ್ಳುವ ರಾಜ್ಯ ಮಟ್ಟದ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಕುಳಿತವರಿಗೆ ನಮ್ಮ ಊರುಗಳ ಹೆಸರು ಪರಿಚಯ ಇರಬೇಕೆಂದಿಲ್ಲ. ಶಕ್ತಿನಗರ ಮಂಗಳೂರಿನಲ್ಲೂ ಇದೆ, ರಾಯಚೂರಿನಲ್ಲೂ ಇದೆ. ಅಶೋಕನಗರ ಬೆಂಗಳೂರಿನಲ್ಲೂ ಇದೆ. ಬರೀ ಬೆಂಗ್ರೆ ಎಂದರೆ ಮಂಗಳೂರಿನ ಕಸಬಾ ಬೆಂಗ್ರೆಯೋ ಉಡುಪಿಯ ಕೋಡಿಬೆಂಗ್ರೆಯೋ ತಿಳಿಯುವುದಿಲ್ಲ. ಪದವು, ಬೈಲು, ಕೋಡಿ, ಗುಡ್ಡೆ ಸೇರಿದ ಹೆಸರುಗಳಂತೂ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ತುಂಬ. ಗಾಬರಿಯಲ್ಲಿರುವವರು ಮನೆಯ ಹೆಸರಿನಿಂದ ಶುರು ಮಾಡುತ್ತಾರೆ, ಕೇಳುವವರಿಗೆ ಬೇಕಾದದ್ದು ಜಿಲ್ಲೆಯಿಂದ. ಅದಕ್ಕೇ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ: ಜಿಲ್ಲೆ, ತಾಲೂಕು, ಊರು ಅಥವಾ ವಾರ್ಡು, ಎಲ್ಲರಿಗೂ ಕಾಣುವ ಗುರುತು, ಕೊನೆಯ ತಿರುವು, ಮನೆ. ನಿಮ್ಮ ಬಡಾವಣೆಗೆ ಇದು ಹೀಗಿರಬಹುದು: “ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು ತಾಲೂಕು, ಮಂಗಳೂರು ನಗರ, ಕೊಟ್ಟಾರ ಚೌಕಿ ಫ್ಲೈಓವರ್. ಅಲ್ಲಿಂದ ಭಜನಾ ಮಂದಿರ ದಾಟಿ ಎಡಕ್ಕೆ ಎರಡನೇ ಓಣಿ, ಮೋರಿ ಆದ ಮೇಲೆ ಬಲಬದಿಯ ಮೂರನೇ ಗೇಟು.” ಇದನ್ನು ಪ್ರತಿ ಮನೆಗೂ ಬೇರೆ ಬೇರೆಯಾಗಿ ಬರೆದು, ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮನೆಗೆಲಸಕ್ಕೆ ಬರುವವರು, ಹತ್ತು ವರ್ಷದ ಮಗು, ಘಟ್ಟದ ಮೇಲಿಂದ ಬಂದ ನೆಂಟರು, ಯಾರು ಕರೆ ಮಾಡಿದರೂ ನೋಡಿಕೊಂಡು ಓದಿದರೆ ಸಾಕು.

ಅದೇ ಚೀಟಿಯಲ್ಲಿ ಗೇಟಿನ ಅಕ್ಷಾಂಶ, ರೇಖಾಂಶವನ್ನೂ ಬರೆದಿಡಿ. ಮೊಬೈಲ್ ಮ್ಯಾಪಿನಲ್ಲಿ ಗೇಟಿನ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಓದಿದರೆ ಹತ್ತು ಹನ್ನೊಂದು ಮೀಟರ್ ಒಳಗಿನ ಜಾಗ ಸಿಗುತ್ತದೆ. ಎರಡೂ ಜಿಲ್ಲೆಗಳಲ್ಲಿ ಮೊದಲ ಸಂಖ್ಯೆ 12 ಅಥವಾ 13ರಿಂದ, ಎರಡನೆಯದು 74 ಅಥವಾ 75ರಿಂದ ಶುರುವಾಗಬೇಕು. ಬೇರೆ ಬಂದರೆ ತಪ್ಪು ಬರೆದುಕೊಂಡಿದ್ದೀರಿ ಎಂದರ್ಥ. ವಾಟ್ಸ್ಆ್ಯಪ್ ಲೊಕೇಶನ್ ಚಾಲಕರಿಗೆ ನೇರವಾಗಿ ಕಳಿಸಲು ಒಳ್ಳೆಯದೇ, ಆದರೆ ಜೋರು ಮಳೆಗೆ ಡೇಟಾ ಕೈಕೊಟ್ಟಾಗ ಬಾಯಲ್ಲಿ ಹೇಳಬಹುದಾದ ಸಂಖ್ಯೆಯೇ ಉಪಯೋಗಕ್ಕೆ ಬರುವುದು.

ವಿಳಾಸ ಆದ ಮೇಲೆ ಏನಾಗಿದೆ, ಎಷ್ಟು ಮಂದಿಗೆ, ಪ್ರಜ್ಞೆ ಇದೆಯೇ, ಉಸಿರಾಡುತ್ತಿದ್ದಾರೆಯೇ ಹೇಳಿ. ಬೆಂಕಿಯಾದರೆ ಯಾವ ಮಹಡಿ, ಒಳಗೆ ಯಾರಾದರೂ ಇದ್ದಾರೆಯೇ, ಸಿಲಿಂಡರ್ ಎಲ್ಲಿದೆ ಹೇಳಿ. ಅವರು ಮುಗಿಸುವ ತನಕ ನೀವು ಫೋನ್ ಇಡಬೇಡಿ. ಇಟ್ಟ ಮೇಲೆ ಆ ಮೊಬೈಲಿನಿಂದ ಬೇರೆ ಯಾರಿಗೂ ಕರೆ ಹೋಗಬಾರದು. ಆಂಬುಲೆನ್ಸ್ ಚಾಲಕರು ದಾರಿ ಕೇಳಲು ತಿರುಗಿ ಕರೆ ಮಾಡುವುದು ಅದೇ ನಂಬರಿಗೆ. ಆ ಹೊತ್ತಿಗೆ ಅದು ದುಬೈಯಲ್ಲಿರುವ ಮಗನ ಜೊತೆ ಬಿಜಿ ಇದ್ದರೆ ಗಾಡಿ ಮುಖ್ಯರಸ್ತೆಯಲ್ಲಿ ನಿಂತೇ ಇರುತ್ತದೆ. ನೆಂಟರಿಗೆ ತಿಳಿಸಲು ಇನ್ನೊಂದು ಫೋನ್ ಬಳಸಿ.

ನಂಬರುಗಳು ಹೆಚ್ಚು ಬೇಡ. ಪೊಲೀಸ್, ಬೆಂಕಿ, ವೈದ್ಯಕೀಯ ಎಲ್ಲಕ್ಕೂ 112. ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101 ಈಗಲೂ ಇವೆ. ನೆರೆ, ಗುಡ್ಡ ಕುಸಿತಕ್ಕೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ವಿದ್ಯುತ್ ತಂತಿಗೆ ಮೆಸ್ಕಾಂನ 1912, ಅಡುಗೆ ಅನಿಲ ಸೋರಿಕೆಗೆ 1906, ಹೆದ್ದಾರಿ ಅಪಘಾತಕ್ಕೆ 1033. ಮೀನುಗಾರಿಕೆಯ ಮನೆಗಳಿದ್ದರೆ ಕೋಸ್ಟ್ ಗಾರ್ಡಿನ 1554 ಸೇರಿಸಿ. ಚೀಟಿಯ ಹಿಂಬದಿಗೆ ಇಷ್ಟು ಸಾಕು.

ಇನ್ನು ದಾರಿ. ಮೂರು ಮೀಟರ್ ಉದ್ದದ ಪಿವಿಸಿ ಪೈಪ್ ಒಂದನ್ನು ತನ್ನಿ. ಇಬ್ಬರು ಅದನ್ನು ಅಡ್ಡಲಾಗಿ ಸೊಂಟದೆತ್ತರಕ್ಕೆ ಹಿಡಿದು, ಮುಖ್ಯರಸ್ತೆಯಿಂದ ಕೊನೆಯ ಮನೆಯ ತನಕ ನಡೆಯಿರಿ. ರಾತ್ರಿ ಒಂಬತ್ತಕ್ಕೆ ನಡೆಯಬೇಕು, ಏಕೆಂದರೆ ಹಗಲು ಖಾಲಿಯಿದ್ದ ಓಣಿಯಲ್ಲಿ ರಾತ್ರಿ ಕಾರುಗಳು ನಿಂತಿರುತ್ತವೆ. ಫೈರ್ ಇಂಜಿನ್ ಸುಮಾರು ಎರಡೂವರೆ ಮೀಟರ್ ಅಗಲ ಇರುತ್ತದೆ, ಪೈಪ್ ತಾಗಿದ ಕಡೆಯೆಲ್ಲ ಅದೂ ಸಿಕ್ಕಿಬೀಳಬಹುದು. ಆಮೇಲೆ ನಾಲ್ಕು ಮೀಟರ್ ಉದ್ದದ ಒಣ ಬಿದಿರನ್ನು ನೆಟ್ಟಗೆ ಹಿಡಿದು, ಜೋತುಬಿದ್ದ ಕೇಬಲ್ ಟಿವಿ ತಂತಿ, ಸ್ವಾಗತ ಕಮಾನು, ಬಾಗಿದ ತೆಂಗಿನ ಗರಿ ನೋಡಿ. ಇದನ್ನು ಮಳೆ ಇಲ್ಲದ ಹಗಲಲ್ಲೇ ಮಾಡಿ. ಕರೆಂಟಿನ ತಂತಿಯ ಹತ್ತಿರಕ್ಕೆ ಬಿದಿರನ್ನೂ ಒಯ್ಯಬೇಡಿ, ಪೈಪನ್ನೂ ಒಯ್ಯಬೇಡಿ. ಮೆಸ್ಕಾಂ ತಂತಿ ತಗ್ಗಿದ್ದರೆ ಬರೆದುಕೊಂಡು ಸೆಕ್ಷನ್ ಆಫೀಸಿಗೆ ಕೊಡಿ.

ನಮ್ಮ ಓಣಿಗಳಲ್ಲಿ ಗಾಡಿ ಸಿಕ್ಕಿಬೀಳುವುದು ನೇರ ಜಾಗದಲ್ಲಲ್ಲ, ತಿರುವಿನಲ್ಲಿ. ಮೂಲೆಯಿಂದ ಐದು ಮೀಟರ್ ಒಳಗೆ ಯಾರೂ ವಾಹನ ನಿಲ್ಲಿಸಬಾರದು ಎಂಬ ಒಂದು ನಿಯಮ ನಿಮ್ಮ ಸಂಘ ಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ. ಮೂಲೆಗೆ ಹಳದಿ ಬಣ್ಣ ಬಳಿಯಿರಿ. ತೋಡಿನ ಮೇಲಿನ ಮೋರಿಯ ಸ್ಲ್ಯಾಬನ್ನೂ ನೋಡಿ. ನೀರು ತುಂಬಿದ ಫೈರ್ ಇಂಜಿನ್ ಹತ್ತು ಟನ್ನಿಗೂ ಮಿಕ್ಕಿ ತೂಗುತ್ತದೆ. ಕಬ್ಬಿಣ ಕಾಣುತ್ತಿರುವ ಹಳೆ ಸ್ಲ್ಯಾಬ್ ಕುಸಿದರೆ ಇಂಜಿನ್ನೂ ಹೋಯಿತು, ಹಿಂದೆ ಬರುವ ಆಂಬುಲೆನ್ಸಿಗೂ ದಾರಿ ಇಲ್ಲ. ಅನುಮಾನವಿದ್ದರೆ ಪಾಲಿಕೆಯ ಇಂಜಿನಿಯರಿಗೆ ಬರೆದುಕೊಡಿ, ಅಲ್ಲಿಯವರೆಗೆ ‘ಭಾರಿ ವಾಹನ ಬೇಡ’ ಎಂಬ ಫಲಕ ಹಾಕಿ. ಇಂಜಿನ್ ದಾಟದ ಜಾಗ ಮೊದಲೇ ಗೊತ್ತಿದ್ದರೆ ಸಿಬ್ಬಂದಿ ಅಲ್ಲಿಂದ ಹೋಸ್ ಹಾಸಿಕೊಂಡು ಬರುತ್ತಾರೆ. ಗೊತ್ತಿಲ್ಲದೆ ಸಿಕ್ಕಿಬಿದ್ದರೆ ಹಿಂದಕ್ಕೆ ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ.

ಮನೆಯ ಹೆಸರು, ನಂಬರು ಗೇಟಿನ ಮೇಲೆ ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರದಲ್ಲಿ, ಬೆಳಕು ಬಿದ್ದರೆ ಹೊಳೆಯುವ ಸ್ಟಿಕ್ಕರಿನಲ್ಲಿ ಇರಲಿ. ಗ್ರಾನೈಟ್ ಫಲಕದ ಚಿನ್ನದ ಬಣ್ಣದ ಅಕ್ಷರ ಮಳೆಯ ರಾತ್ರಿ ಹೆಡ್‌ಲೈಟಿಗೆ ಕಾಣುವುದೇ ಇಲ್ಲ. ಕರೆ ಮಾಡಿದ ತಕ್ಷಣ ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿಗೆ, ಇನ್ನೊಬ್ಬರು ಓಣಿಯ ಒಳ ತಿರುವಿಗೆ ಹೋಗಬೇಕು. ಹತ್ತಿರದ ರಿಕ್ಷಾ ಪಾರ್ಕಿನವರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಿ. ರಾತ್ರಿ ಹನ್ನೊಂದರ ತನಕ ಮುಖ್ಯರಸ್ತೆಯಲ್ಲಿ ಎಚ್ಚರವಿದ್ದು, ಎಲ್ಲ ಮನೆಗಳನ್ನೂ ಬಲ್ಲವರು ಅವರೇ.

ಬೆಂಕಿಯ ವಿಚಾರದಲ್ಲಿ ಹೆಚ್ಚಿನವರು ಯೋಚಿಸದ ಒಂದು ಲೆಕ್ಕ ಹೇಳುತ್ತೇನೆ. ಸಾಮಾನ್ಯ ಫೈರ್ ಇಂಜಿನ್ನಿನ ಟ್ಯಾಂಕಿನಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ. ಒಂದು ಹೋಸಿನಲ್ಲಿ ನಿಮಿಷಕ್ಕೆ 400ರಿಂದ 450 ಲೀಟರ್ ಹೋಗುತ್ತದೆ ಎಂದಿಟ್ಟುಕೊಂಡರೂ, ಎರಡು ಹೋಸ್ ಬಿಟ್ಟಾಗ ಐದಾರು ನಿಮಿಷಕ್ಕೆ ಟ್ಯಾಂಕ್ ಖಾಲಿ. ಮುಂದಿನ ನೀರು ಎಲ್ಲಿಂದ? ನಮ್ಮಲ್ಲಿ ಮನೆಮನೆಗೆ ಬಾವಿ ಇದೆಯಲ್ಲ ಎನ್ನಬಹುದು. ಪಂಪ್ ನೀರನ್ನು ಕೆಳಗಿನಿಂದ ಎಳೆಯುವುದು ಏಳು ಮೀಟರಿನಷ್ಟು ಮಾತ್ರ, ಮೇಲಾಗಿ ಇಂಜಿನ್ ಬಾವಿಯ ಪಕ್ಕಕ್ಕೇ ಬರಬೇಕು. ಬೆಂಕಿ ಹೆಚ್ಚು ಬೀಳುವ ಮಾರ್ಚ್‌ನಿಂದ ಮೇ ತಿಂಗಳಲ್ಲೇ ಬಾವಿಯ ನೀರು ಅದಕ್ಕಿಂತ ಕೆಳಗೆ ಹೋಗಿರುತ್ತದೆ. ಆದ್ದರಿಂದ ಬಡಾವಣೆಯ ದೊಡ್ಡ ಸಂಪುಗಳು, ಅಪಾರ್ಟ್‌ಮೆಂಟಿನ ಟ್ಯಾಂಕ್, ದೇವಸ್ಥಾನದ ಕೆರೆ, ಗಾಡಿ ಹತ್ತಿರ ಹೋಗಬಹುದಾದ ಬಾವಿ, ಇವನ್ನು ಲೀಟರ್ ಸಮೇತ ಒಂದು ಕೈನಕ್ಷೆಯಲ್ಲಿ ಗುರುತಿಸಿ. ಅದರ ಪ್ರತಿಯನ್ನು ಕದ್ರಿ, ಪಾಂಡೇಶ್ವರ ಠಾಣೆಗಳಿಗೆ ಕೊಡಿ. ಉಡುಪಿಯವರಿಗೆ ಅಜ್ಜರಕಾಡಿನ ಠಾಣೆ. ಅಪಾರ್ಟ್‌ಮೆಂಟಿನಲ್ಲಿ ಬೆಂಕಿಗೆಂದೇ ಮೀಸಲಿಟ್ಟ ಟ್ಯಾಂಕಿನ ನೀರನ್ನು ಗಿಡಗಳಿಗೆ ಬಿಡುವುದು, ಹೋಸ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ವಾಚ್‌ಮನ್ ಊರಿಗೆ ಒಯ್ಯುವುದು, ಮೆಟ್ಟಿಲ ಕೆಳಗೆ ಹಳೆ ಹಾಸಿಗೆ ಪೇರಿಸುವುದು, ಈ ಮೂರೂ ಕಂಡುಬಂದರೆ ಅಂದೇ ಸರಿ ಮಾಡಿಸಿ.

ಕರೆಂಟಿನ ವಿಷಯದಲ್ಲಿ ಗೊತ್ತಿದ್ದೂ ತಪ್ಪುವುದು ಇನ್ವರ್ಟರ್. ನೀರು ಅಂಗಳಕ್ಕೆ ಬಂದಾಗ ಮೈನ್ ಸ್ವಿಚ್ ಇಳಿಸಿ ನಿರಾಳವಾಗುತ್ತಾರೆ, ಆದರೆ ಇನ್ವರ್ಟರಿನ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಸೊಂಟದ ಮಟ್ಟದ ನೀರಲ್ಲಿ ಬರುವ ಅಗ್ನಿಶಾಮಕ ಸಿಬ್ಬಂದಿಗೆ ‘ಕರೆಂಟು ತೆಗೆದಿದ್ದೇವೆ’ ಎಂದು ಹೇಳುವ ಮೊದಲು ಎರಡನ್ನೂ ಆಫ್ ಮಾಡಿರಬೇಕು. ನೀರು ಹೊಸ್ತಿಲು ದಾಟುವ ಮೊದಲೇ, ಒಣ ನೆಲದಲ್ಲಿ ನಿಂತು ಮಾಡಿ. ನೀರು ಆಗಲೇ ಒಳಗಿದ್ದರೆ ಸ್ವಿಚ್ ಮುಟ್ಟಬೇಡಿ, 1912ಕ್ಕೆ ಹೇಳಿ ಕಂಬದಲ್ಲೇ ತೆಗೆಸಿ. ಜನರೇಟರ್ ಇದ್ದವರಿಗೆ ಇನ್ನೊಂದು ಮಾತು: ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ಗಿಗೆ ವೈರ್ ಚುಚ್ಚಿ ಮನೆಗೆ ಕರೆಂಟು ಕೊಟ್ಟರೆ ಅದು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಲೈನಿಗೆ ಹೋಗುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುವುದು ಹೀಗೆ. ಬಿದ್ದ ತಂತಿ ಕಂಡರೆ ಕನಿಷ್ಠ ಹತ್ತು ಮೀಟರ್ ದೂರ ಜನರನ್ನು ನಿಲ್ಲಿಸಿ. ತಂತಿ ಮುಟ್ಟದಿದ್ದರೂ ಒದ್ದೆ ನೆಲದಲ್ಲಿ ಹೆಜ್ಜೆ ಅಗಲಿಸಿದರೆ ಎರಡು ಪಾದಗಳ ನಡುವೆಯೇ ಕರೆಂಟು ಹರಿಯಬಹುದು. ಬಿದ್ದ ಮರ ಕಡಿಯಲು ಹುಡುಗರು ಕತ್ತಿ ಹಿಡಿದು ಓಡುತ್ತಾರೆ. ಮರದ ಅಡಿಯಲ್ಲಿ ತಂತಿ ಇಲ್ಲವೆಂದು ಮೆಸ್ಕಾಂನವರು ಹೇಳುವ ತನಕ ಒಂದು ಕೊಂಬೆಯನ್ನೂ ಮುಟ್ಟಕೂಡದು.

ನೆರೆಯ ಬಗ್ಗೆ ನಿಮ್ಮ ಬಡಾವಣೆಗೆ ಮುಖ್ಯವಾದದ್ದು ಸಮುದ್ರದ ಉಬ್ಬರ. ನಗರದ ತೋಡುಗಳ ನೀರು ಕೊನೆಗೆ ಫಲ್ಗುಣಿ, ನೇತ್ರಾವತಿಗಳ ಮೂಲಕ ಅಳಿವೆಗೇ ಹೋಗಬೇಕು. ಉಬ್ಬರವಿದ್ದಾಗ ಆ ನೀರಿಗೆ ಹೊರಹೋಗುವ ಜಾಗ ಇರುವುದಿಲ್ಲ. ಒಂದೇ ಪ್ರಮಾಣದ ಮಳೆ ಇಳಿತದ ಹೊತ್ತಿಗೆ ಬಂದರೆ ತೋಡಿನಲ್ಲೇ ಹೋಗುತ್ತದೆ, ಉಬ್ಬರದ ಹೊತ್ತಿಗೆ ಬಂದರೆ ಅಂಗಳಕ್ಕೇರುತ್ತದೆ. ದಿನಕ್ಕೆ ಎರಡು ಉಬ್ಬರ, ನಡುವೆ ಸುಮಾರು ಹನ್ನೆರಡೂವರೆ ಗಂಟೆ, ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಹೆಚ್ಚು. ನವಮಂಗಳೂರು ಬಂದರಿನ ಉಬ್ಬರದ ವೇಳೆ ಮೊಬೈಲಿನಲ್ಲೇ ಸಿಗುತ್ತದೆ. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5ರ ಮೇಲೆ ಅತ್ಯಂತ ಭಾರಿ ಮಳೆ. ಆದರೆ ತೋಡಿಗೆ ಮುಖ್ಯ ದಿನದ ಲೆಕ್ಕಕ್ಕಿಂತ ಗಂಟೆಯ ಲೆಕ್ಕ. ಬಾಯಿಯೂ ತಳವೂ ಒಂದೇ ಅಗಲವಿರುವ ಪೈಂಟ್ ಡಬ್ಬವೊಂದನ್ನು ತಾರಸಿಯ ಬಯಲಿನಲ್ಲಿಟ್ಟು ಸ್ಕೇಲಿನಲ್ಲಿ ಅಳೆಯಿರಿ. ಎಷ್ಟು ಮಿಲಿಮೀಟರ್ ನೀರು ನಿಂತಿದೆಯೋ ಅಷ್ಟು ಮಳೆ. ಜೊತೆಗೆ ತೋಡಿನ ಗೋಡೆಗೆ ಹಸಿರು, ಹಳದಿ, ಕೆಂಪು ಗೆರೆ ಬಳಿಯಿರಿ. ಎರಡು ಮಳೆಗಾಲ ಬರೆದಿಟ್ಟರೆ, ಗಂಟೆಗೆ ಎಷ್ಟು ಮಳೆಯಾದರೆ ನಿಮ್ಮ ತೋಡು ಕೆಂಪು ಗೆರೆ ಮುಟ್ಟುತ್ತದೆ ಎಂಬುದು ನಿಮಗೇ ತಿಳಿಯುತ್ತದೆ, 1077ಕ್ಕೆ ಕರೆ ಮಾಡಿದಾಗಲೂ ‘ನೀರು ತುಂಬ ಬಂದಿದೆ’ ಎನ್ನುವ ಬದಲು ಸಂಖ್ಯೆ ಹೇಳಬಹುದು.

ನೀರು ಹಳದಿ ಗೆರೆಗೆ ಬಂದಾಗಲೇ ಹೊರಡಬೇಕಾದವರು ಯಾರೆಂಬ ಪಟ್ಟಿ ಈಗಲೇ ಇರಲಿ. ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಮನೆಯಲ್ಲಿ ಆಕ್ಸಿಜನ್ ಬಳಸುವವರು, ತುಂಬು ಗರ್ಭಿಣಿಯರು, ಒಬ್ಬರೇ ಇರುವ ಹಿರಿಯರು. ಪ್ರತಿ ಹೆಸರಿನ ಮುಂದೆ ಯಾವ ಮನೆ, ಯಾವ ಕೋಣೆ, ನಡೆಯಬಲ್ಲರೇ, ಎತ್ತಬೇಕೇ, ಎಷ್ಟು ತೂಕ, ಯಾವ ಔಷಧಿ ಎಂದು ಬರೆಯಿರಿ. ಅವರ ಒಪ್ಪಿಗೆ ಪಡೆದೇ ಬರೆಯಿರಿ, ಕಾಗದದಲ್ಲಿ ಎರಡೇ ಪ್ರತಿ ಇಡಿ, ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ದೋಣಿ ಬಂದಾಗ ‘ಮೊದಲು ಯಾರನ್ನು’ ಎಂಬ ಪ್ರಶ್ನೆಗೆ ಒಂದೇ ನಿಮಿಷದಲ್ಲಿ ಉತ್ತರ ಸಿಗಬೇಕು. ಸಿಗದಿದ್ದಲ್ಲಿ ಜೋರಾಗಿ ಕೂಗಿದವರೇ ಮೊದಲು ಹತ್ತುತ್ತಾರೆ, ಒಳಕೋಣೆಯಲ್ಲಿ ಮಲಗಿದ ಅಜ್ಜಿ ಉಳಿದುಬಿಡುತ್ತಾರೆ.

ಗ್ಯಾಸ್ ಸಿಲಿಂಡರ್ ನೆರೆಯಲ್ಲಿ ತೇಲುತ್ತದೆ, ಖಾಲಿಯದ್ದು ಮಾತ್ರವಲ್ಲ, ತುಂಬಿದ್ದೂ. 14.2 ಕಿಲೋ ಅನಿಲದ ಸಿಲಿಂಡರ್ ಕಬ್ಬಿಣ ಸೇರಿ ಮೂವತ್ತು ಕಿಲೋ ಆಸುಪಾಸು ತೂಗುತ್ತದೆ. ಅದು ಪಕ್ಕಕ್ಕೆ ತಳ್ಳುವ ನೀರಿನ ತೂಕ ಅದಕ್ಕಿಂತ ಹೆಚ್ಚು. ತೇಲಿದ ಸಿಲಿಂಡರ್ ಟ್ಯೂಬನ್ನು ಕಿತ್ತುಕೊಂಡು ಸೋರುತ್ತದೆ. ರೆಗ್ಯುಲೇಟರ್ ತೆಗೆದು, ಮೇಲಿನ ಮುಚ್ಚಳ ಹಾಕಿ, ಮಹಡಿಗೆ ಒಯ್ಯಿರಿ ಅಥವಾ ಕಿಟಕಿಯ ಸರಳಿಗೆ ಕಟ್ಟಿ. ಹಾಗೆಯೇ ಅಂಗಳದ ಸಂಪಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಜಾಗಕ್ಕೆ ಎತ್ತರದ ಕೆಂಪು ಕೋಲು ನೆಡಿ. ಮುಚ್ಚಳ ತೇಲಿಹೋದ ಸಂಪು ಕೆಸರು ನೀರಿನಡಿ ಕಾಣುವುದಿಲ್ಲ, ಬೀಳುವುದು ಹೆಚ್ಚಾಗಿ ಸಹಾಯಕ್ಕೆ ಬಂದವರೇ. ಹರಿಯುವ ನೀರು ಮೊಣಕಾಲಿನ ಕೆಳಗಿದ್ದರೂ ದೊಡ್ಡವರನ್ನೇ ಕೆಡವುತ್ತದೆ, ಒಂದಡಿ ನೀರಿನಲ್ಲಿ ಸಣ್ಣ ಕಾರು ತೇಲತೊಡಗುತ್ತದೆ.

ಗುಡ್ಡದ ಬದಿಯ ಮನೆಗಳಿಗೆ ಒಂದೆರಡು ಮಾತು. ಮುರಕಲ್ಲಿನ (ಕೆಂಪು ಕಲ್ಲಿನ) ಧರೆಯನ್ನು ನೆಟ್ಟಗೆ ಕಡಿದು ಮನೆ ಕಟ್ಟಿದಲ್ಲಿ, ಮೇಲ್ಭಾಗದ ನೆಲದಲ್ಲಿ ಹೊಸ ಬಿರುಕು, ಓರೆಯಾದ ಅಡಿಕೆ ಮರ, ತಿಳಿನೀರು ಬರುತ್ತಿದ್ದ ಒರತೆಯಲ್ಲಿ ಕೆಸರು, ಇವು ಕಂಡ ದಿನವೇ ಹಿಂಬದಿಯ ಕೋಣೆಯಲ್ಲಿ ಮಲಗುವುದನ್ನು ಬಿಡಿ, 1077ಕ್ಕೆ ತಿಳಿಸಿ. ಕುಸಿದ ಮೇಲೆ ಜೆಸಿಬಿಗಿಂತ ಮೊದಲು ಬೇಕಾದದ್ದು ಮೌನ. ಸಿಬ್ಬಂದಿ ಕೈ ಎತ್ತಿದರೆ ಎಲ್ಲರೂ ಮಾತು, ಮೊಬೈಲು, ಗಾಡಿ ನಿಲ್ಲಿಸಬೇಕು. ಮಣ್ಣಿನಡಿಯ ನರಳಾಟ ಕೇಳುವುದು ಆ ನಿಶ್ಶಬ್ದದಲ್ಲೇ. ಒಳಗೆ ಎಷ್ಟು ಮಂದಿ, ಯಾವ ಕೋಣೆಯಲ್ಲಿ ಮಲಗುತ್ತಿದ್ದರು ಎಂಬ ನೆರೆಮನೆಯವರ ಮಾಹಿತಿಯಂತೆಯೇ ಅಗೆಯುವ ಜಾಗ ತೀರ್ಮಾನವಾಗುತ್ತದೆ.

ನೀವು ಹೆದ್ದಾರಿ 66ರ ಬದಿಯವರು, ಅಡುಗೆ ಅನಿಲ ಸಾಗಿಸುವ ಬುಲೆಟ್ ಟ್ಯಾಂಕರುಗಳು ದಿನವೂ ಓಡಾಡುವ ದಾರಿ. 2013ರ ಏಪ್ರಿಲ್‌ನಲ್ಲಿ ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಉರುಳಿದ ಟ್ಯಾಂಕರಿನ ಅನಿಲ ಪಕ್ಕದ ಮನೆಗಳವರನ್ನೇ ಸುಟ್ಟಿತು. ಅಡುಗೆ ಅನಿಲ ಗಾಳಿಗಿಂತ ಭಾರ, ತಗ್ಗಿಗೆ ಹರಿದು ತೋಡು, ಚರಂಡಿಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಟ್ಯಾಂಕರ್ ಉರುಳಿದ್ದು ಕಂಡರೆ ಒಲೆ, ದೇವರ ದೀಪ ನಂದಿಸಿ. ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ಬೈಕು, ಕಾರು ಸ್ಟಾರ್ಟ್ ಮಾಡದೆ ನಡೆದೇ ಹೊರಡಿ. ತೆಂಗಿನ ಗರಿ ಯಾವ ಕಡೆ ಬಾಗಿದೆ ನೋಡಿ, ಗಾಳಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಹೋಗಿ. ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ಕಡೆ 800 ಮೀಟರ್, ಟ್ಯಾಂಕರಿಗೇ ಬೆಂಕಿ ಹತ್ತಿದರೆ ಸುತ್ತಲೂ 1,600 ಮೀಟರ್ ಖಾಲಿ ಮಾಡಿಸುವುದು ಸುರಕ್ಷತಾ ಕ್ರಮ. ದೂರದಿಂದಲೇ ಓದಲು ಸಿಕ್ಕರೆ ಟ್ಯಾಂಕರಿನ ಹಿಂದಿನ ಫಲಕದ ನಾಲ್ಕಂಕಿ 112ಕ್ಕೆ ಹೇಳಿ. 1075 ಎಂದರೆ ಅಡುಗೆ ಅನಿಲ, 1005 ಎಂದರೆ ಅಮೋನಿಯಾ. ಬರುವ ತಂಡ ಯಾವ ಸಿದ್ಧತೆಯಲ್ಲಿ ಬರಬೇಕೆಂಬುದು ಆ ನಾಲ್ಕಂಕಿಯಿಂದ ತಿಳಿಯುತ್ತದೆ. ವಿಡಿಯೋ ಮಾಡಲು ಒಬ್ಬರೂ ಹತ್ತಿರ ಹೋಗಬಾರದು.

ಎದೆನೋವು ಬಂದವರನ್ನು ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ. ಸಣ್ಣ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡೇ ಇಳಿಸಬೇಕು. ಅಪಾರ್ಟ್‌ಮೆಂಟಿನ ಕೆಳಗೆ ಕೈಯಿರುವ ಗಟ್ಟಿ ಮರದ ಕುರ್ಚಿಯೊಂದು, ಸೊಂಟ ಕಟ್ಟಲು ಎರಡು ಪಟ್ಟಿ ಸದಾ ಇರಲಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ಮೆಟ್ಟಿಲಲ್ಲೇ ಮುರಿಯುತ್ತದೆ. ಪ್ರಜ್ಞೆಯಿಲ್ಲ, ಉಸಿರೂ ಸರಿಯಿಲ್ಲ ಎಂದಾದರೆ ಎದೆಯ ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಿ, ಎರಡು ನಿಮಿಷಕ್ಕೊಮ್ಮೆ ಬೇರೆಯವರು ಒತ್ತಲಿ. ಸುಸ್ತಾದವರ ಒತ್ತು ಆಳಕ್ಕೆ ಹೋಗುವುದಿಲ್ಲ, ಒತ್ತುವವರಿಗೆ ಅದು ಗೊತ್ತೂ ಆಗುವುದಿಲ್ಲ. ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಟ್ಟು, ಆಮೇಲೆ 30 ಒತ್ತು, ಎರಡು ಉಸಿರು. ಹೊಟ್ಟೆ ಒತ್ತಿ ನೀರು ತೆಗೆಯಲು ಹೋದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಉಂಗುರ, ಬಳೆ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ಹೊತ್ತು ಬರೆದಿಟ್ಟುಕೊಂಡು ವೆನ್ಲಾಕ್, ಅಜ್ಜರಕಾಡು ಜಿಲ್ಲಾಸ್ಪತ್ರೆ ಅಥವಾ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಒಯ್ಯಿರಿ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚಿದರೆ ನೋವೂ ಇರುವುದಿಲ್ಲ, ಬಾವೂ ಬರುವುದಿಲ್ಲ. ಬೆಳಿಗ್ಗೆ ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ ತಡಮಾಡಬೇಡಿ. ರಸ್ತೆ ಅಪಘಾತದವರನ್ನು ಆಸ್ಪತ್ರೆಗೆ ಸೇರಿಸಲು ಹುಡುಗರು ಪೊಲೀಸ್ ಕೇಸಿಗೆ ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಸದುದ್ದೇಶದಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಈಗ ಹುಡುಗರ ಕೆಲಸ. ನಾಲ್ಕು ಮಂದಿಯ ತಂಡ ಸಾಕು, ಅಂಥ ಮೂರು ತಂಡ ಮಾಡಿ, ಏಕೆಂದರೆ ಹಗಲು ಅರ್ಧ ಮಂದಿ ಕೆಲಸಕ್ಕೆ ಹೋಗಿರುತ್ತಾರೆ. ಹಗಲಿನ ತಂಡಕ್ಕೆ ಮನೆಯಲ್ಲಿರುವ ಹೆಂಗಸರನ್ನು ಸೇರಿಸಲೇಬೇಕು. ಒಬ್ಬರದು ಫೋನ್, ಒಬ್ಬರದು ಮುಖ್ಯರಸ್ತೆಯ ತಿರುವು, ಒಬ್ಬರು ಓಣಿಯಲ್ಲಿ ನಿಂತ ಗಾಡಿಗಳನ್ನು ತೆಗೆಸುವುದು, ನಾಲ್ಕನೆಯವರು ರೋಗಿಯ ಅಥವಾ ಮನೆಯ ಬಳಿ. ಸಿಬ್ಬಂದಿ ಬಂದ ಕೂಡಲೇ ನಾಲ್ಕನೆಯವರು ಮಾತ್ರ ತಂಡದ ನಾಯಕರ ಹತ್ತಿರ ಹೋಗಿ ನಾಲ್ಕು ಮಾತಿನಲ್ಲಿ ಪರಿಸ್ಥಿತಿ ಹೇಳಿ, ‘ಏನು ಮಾಡಬೇಕು ಸರ್’ ಎಂದು ಕೇಳಲಿ. ಹತ್ತು ಮಂದಿ ಒಟ್ಟಿಗೆ ಹೇಳಿದರೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಸಾಮಾನು: ತೇಲುವ ಜಾತಿಯ 12 ಮಿಲಿಮೀಟರ್ ದಪ್ಪದ ಹಗ್ಗ 30 ಮೀಟರ್, ಬಿಗಿ ಮುಚ್ಚಳದ ಐದು ಲೀಟರಿನ ಖಾಲಿ ಕ್ಯಾನ್ ನಾಲ್ಕು, ತಲೆಗೆ ಕಟ್ಟುವ ಟಾರ್ಚ್ ನಾಲ್ಕು, ಸೀಟಿ, ದಪ್ಪ ಕೈಗವಸು, ಹೊಳೆಯುವ ಜಾಕೆಟ್ ನಾಲ್ಕು, ಎರಡು ಬಿದಿರು, ಒಂದು ಗಟ್ಟಿ ಬೆಡ್‌ಶೀಟ್. ಕ್ಯಾನನ್ನು ಹಗ್ಗಕ್ಕೆ ಕಟ್ಟಿ, ಎಸೆಯಲು ಭಾರ ಸಿಗುವಂತೆ ಒಂದು ಲೋಟ ನೀರು ಹಾಕಿ, ಮುಳುಗುತ್ತಿರುವವರ ಆಚೆಗೆ ಎಸೆದು ಅವರತ್ತ ಎಳೆದು ತನ್ನಿ. ನೇರ ಅವರ ಮೇಲೆ ಎಸೆದರೆ ಹರಿವಿಗೆ ಕೊಚ್ಚಿಹೋಗುತ್ತದೆ. ಗಮ್‌ಬೂಟ್ ಕೆಸರಿಗೆ ಸರಿ, ಮೊಣಕಾಲು ಮೀರಿದ ನೀರಿಗೆ ಬೇಡ, ಒಳಗೆ ನೀರು ತುಂಬಿದರೆ ಕಾಲೆತ್ತಲು ಆಗುವುದಿಲ್ಲ.

ಇದೊಂದನ್ನು ಹುಡುಗರಿಗೆ ಒತ್ತಿ ಹೇಳಿ: ನೀರಿಗೆ ಹಾರಬಾರದು, ಬಾವಿಗೆ ಇಳಿಯಬಾರದು. ಬಾವಿಯಲ್ಲಿ ಬಿದ್ದವರನ್ನೋ ಪ್ರಜ್ಞೆ ತಪ್ಪಿದವರನ್ನೋ ತೆಗೆಯಲು ಇಳಿದ ಎರಡನೆಯವರು, ಮೂರನೆಯವರು ಸಾಲಾಗಿ ಸಾಯುವುದು ಆಮ್ಲಜನಕ ಇಲ್ಲದ್ದರಿಂದ. ಪಂಪ್‌ಸೆಟ್ಟಿನ ಹೊಗೆಯೋ ಕೊಳೆತ ಎಲೆಯೋ ತಳದ ಗಾಳಿಯನ್ನು ಕೆಡಿಸಿರುತ್ತದೆ, ವಾಸನೆಯಿಂದ ತಿಳಿಯುವುದಿಲ್ಲ. ದೀಪ ಇಳಿಸಿ ನೋಡುವ ಹಳೆ ಪರೀಕ್ಷೆಯೂ ವಿಷಾನಿಲವನ್ನು ತೋರಿಸುವುದಿಲ್ಲ. ಎಚ್ಚರವಿದ್ದವರಿಗೆ ಹಗ್ಗ ಬಿಡಿ, ಕ್ಯಾನ್ ಬಿಡಿ, ಮಾತಾಡಿಸುತ್ತಾ ಇರಿ. ಇಳಿಯುವುದು ಉಸಿರಾಟದ ಸಾಧನ ಇರುವ ಅಗ್ನಿಶಾಮಕ ಸಿಬ್ಬಂದಿಯ ಕೆಲಸ.

ತರಬೇತಿಗೆ ದುಡ್ಡು ಕೊಡಬೇಕಾಗಿಲ್ಲ. ಅಗ್ನಿಶಾಮಕ ಠಾಣಾಧಿಕಾರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದು ಏಪ್ರಿಲ್ ಕೊನೆಯಲ್ಲಿ ಒಂದು ಭಾನುವಾರ ಕೇಳಿ. ಪತ್ರದಲ್ಲಿ ಎಷ್ಟು ಜನ ಬರುತ್ತಾರೆ, ಫೈರ್ ಇಂಜಿನ್ ನಿಲ್ಲಲು ಜಾಗ ಎಲ್ಲಿ, ಯಾವ ವಿಷಯ ಬೇಕು ಎಂದು ಬರೆಯಿರಿ, ಕೈನಕ್ಷೆಯನ್ನೂ ಲಗತ್ತಿಸಿ. ಆ ದಿನ ಇಂಜಿನ್ನನ್ನು ನಿಮ್ಮ ಓಣಿಯೊಳಕ್ಕೇ ಕರೆಸಿಕೊಳ್ಳಲು ಕೋರಿ. ಪೈಪ್ ಹಿಡಿದು ಅಳೆದದ್ದು ಸರಿಯೇ ಎಂದು ಚಾಲಕರೇ ಹೇಳುತ್ತಾರೆ. ಹೆಚ್ಚು ಆಸಕ್ತಿ ಇರುವವರು ಮೇರಿಹಿಲ್‌ನ ಗೃಹರಕ್ಷಕ ದಳದ ಕಚೇರಿಯಲ್ಲಿ ವಿಚಾರಿಸಲಿ. ಆಪದ ಮಿತ್ರ ಯೋಜನೆಯ 12 ದಿನಗಳ ತರಬೇತಿಯ ಮುಂದಿನ ತಂಡ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಬಹುದು. ತರಬೇತಿಯಾದ ಮೇಲೆ ಮೇ ಎರಡನೇ ವಾರ ರಾತ್ರಿ ಒಂಬತ್ತಕ್ಕೆ ಒಂದು ಅಣಕು ಕಾರ್ಯಾಚರಣೆ ಮಾಡಿ. ಕೊನೆಯ ಮನೆಯ ಚೀಟಿ ಓದುವುದರಿಂದ ಹಿಡಿದು, ಮುಖ್ಯರಸ್ತೆಯಿಂದ ಬಂದ ರಿಕ್ಷಾ ಆ ಗೇಟಿನ ಮುಂದೆ ನಿಲ್ಲುವ ತನಕ ಎಷ್ಟು ನಿಮಿಷ ಆಯಿತೆಂದು ಬರೆದಿಡಿ. ರಿಕ್ಷಾ ಓಡಿಸುವವರು ನಿಮ್ಮ ಬಡಾವಣೆಯನ್ನು ಮೊದಲು ನೋಡಿರದವರೇ ಆಗಿರಲಿ.